1.035ಕ್ಕೆ ಬಂದು ನಿಂತ ಸೇಸನ್

ಬೆಲ್ಜಿಯನ್ ಟ್ರಿಪೆಲ್ (ತಿಳಿ ಬಣ್ಣದ ಗಡುಸು ಬಿಯರ್) ಮೊದಲ ಸಲ ಕುಡಿದಾಗ ಇದಕ್ಕೆ ಲವಂಗ ಹಾಕಿದ್ದಾರೆ ಅಂದುಕೊಂಡಿದ್ದೆ. ಹಾಕಿರಲಿಲ್ಲ. ಆ ಲವಂಗದ ಘಮ, ಬಾಳೆಹಣ್ಣಿನ ವಾಸನೆ ಎರಡೂ ಯೀಸ್ಟ್‌ನದೇ ಕೆಲಸ. ಅದು ಗೊತ್ತಾದ ಮೇಲೆ ಒಳ್ಳೆಯ ಯೀಸ್ಟ್ ಸಿಕ್ಕರೆ ಸಾಕು, ಉಳಿದದ್ದು ತಾನಾಗೇ ಆಗುತ್ತದೆ ಅಂತ ತಿಳಿದೆ. ಅಲ್ಲೇ ಎಡವಿದ್ದು.

ನಾನೇ ಮಾಡಿದ ಮೊದಲ ಟ್ರಿಪೆಲ್‌ಗೆ ವೈಯೀಸ್ಟ್ ಕಂಪನಿಯ 3787 ನಂಬರಿನ ಯೀಸ್ಟ್ ತಂದೆ. ಇದು ಬೆಲ್ಜಿಯಂನಲ್ಲಿ ಬಿಯರ್ ಮಾಡುವ ವೆಸ್ಟ್‌ಮಾಲೆ ಮಠದ ಯೀಸ್ಟ್ ಮೂಲದ್ದು ಅನ್ನುತ್ತಾರೆ. ವರ್ಟ್ (ಮೊಳಕೆ ಬರಿಸಿದ ಬಾರ್ಲಿ, ಅಂದರೆ ಮಾಲ್ಟ್‌ನಿಂದ ತೆಗೆದ ಸಿಹಿ ರಸ) ಪೂರ್ತಿ ತಣಿಯಲು ಬಿಡದೆ 26 ಡಿಗ್ರಿಯಲ್ಲೇ ಯೀಸ್ಟ್ ಹಾಕಿಬಿಟ್ಟೆ. ಹುದುಗುವಾಗ ಅದೇ ಬಿಸಿ ಹುಟ್ಟಿಸುತ್ತದೆ ಅಲ್ವಾ, ಮಾರನೆಯ ದಿನ 30 ದಾಟಿತ್ತು. ನೊರೆ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳ) ಹಾರಿಸಿ ಗೋಡೆಗೆ ಅಂಟಿತ್ತು. ಬಿಯರ್‌ಗೆ ನೇಲ್ ಪಾಲಿಶ್ ವಾಸನೆ, ನುಂಗಿದರೆ ಗಂಟಲಲ್ಲಿ ಉರಿ.

ಈಗ ಅದೇ ಯೀಸ್ಟನ್ನು 18 ಡಿಗ್ರಿಯಲ್ಲಿ ಹಾಕುತ್ತೇನೆ. ಎರಡು ದಿನ ಅಲ್ಲೇ ಹಿಡಿದಿಟ್ಟು, ಆಮೇಲೆ ಮೆಲ್ಲಗೆ 22ರವರೆಗೆ ಏರಲು ಬಿಡುತ್ತೇನೆ. ಏರ್‌ಲಾಕ್ ಬದಲು ದಪ್ಪ ಪೈಪು, ಅದರ ತುದಿ ನೀರಿನ ಡಬ್ಬದಲ್ಲಿ. ಸಕ್ಕರೆಯನ್ನೂ ಮೊದಲೇ ಸುರಿಯುವುದಿಲ್ಲ, ಮೂರನೆಯ ದಿನ ಕರಗಿಸಿ ಹಾಕುತ್ತೇನೆ. ಯೀಸ್ಟ್ ಮೊದಲು ಮಾಲ್ಟ್ ತಿಂದು ಮುಗಿಸಲಿ.

ಇಷ್ಟು ಕಲಿತ ಮೇಲೆ ಸೇಸನ್ ಅನ್ನುವ ಇನ್ನೊಂದು ಬೆಲ್ಜಿಯನ್ ಬಿಯರ್ ಮಾಡಲು ಹೊರಟೆ. ವೈಯೀಸ್ಟ್ 3724, ಡ್ಯೂಪಾಂಟ್ ಬ್ರೂವರಿಯ ಯೀಸ್ಟ್ ಅಂತ ಹೇಳುವುದು ಇದನ್ನೇ. ಜಾಣತನ ಮಾಡಿ ಇದನ್ನೂ 20ರಲ್ಲಿ ತಣ್ಣಗೆ ಇಟ್ಟೆ. ನಾಲ್ಕು ದಿನ ಚೆನ್ನಾಗಿ ಗುಳುಗುಳು ಅಂದಿತು, ಆಮೇಲೆ ಗಪ್‌ಚುಪ್. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ 1.035. ಬರೀ ನೀರಿಗೆ ಇದು 1.000, ಇಷ್ಟು ಮೇಲಿದ್ದರೆ ಸಕ್ಕರೆ ಇನ್ನೂ ಉಳಿದಿದೆ ಅಂತ. ಒಂದು ವಾರ ಬಿಟ್ಟು ನೋಡಿದರೂ 1.035. ನಾಲಿಗೆಗೆ ಹಚ್ಚಿದರೆ ಪಾನಕದ ಹಾಗೆ ಸಿಹಿ. ಆಗಲೇ ಬಾಟಲಿಗೆ ತುಂಬಿದ್ದರೆ ಒಂದೊಂದೂ ಸಿಡಿಯುತ್ತಿತ್ತು.

ಈ ಯೀಸ್ಟ್ ಹೀಗೆ ಮುನಿಸಿಕೊಳ್ಳುವುದು ಮಾಮೂಲು ಅಂತ ಆಮೇಲೆ ತಿಳಿಯಿತು. ಅದಕ್ಕೆ ಬೇಕಾದದ್ದು ಸೆಕೆ. ಪಾತ್ರೆಗೆ ಹೀಟಿಂಗ್ ಬೆಲ್ಟ್ ಸುತ್ತಿ 32ಕ್ಕೆ ಏರಿಸಿದೆ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದು ಗುಳ್ಳೆ ಬಂತು. ಮೂರು ವಾರಕ್ಕೆ 1.006. ಈಗೆಲ್ಲ ಶುರುವಿನಲ್ಲಿ ಏರ್‌ಲಾಕ್ ಹಾಕದೆ ಬಾಯಿಗೆ ಸುಮ್ನೆ ಫಾಯಿಲ್ ಮುಚ್ಚುತ್ತೇನೆ. ಒಳಗಿನ ಒತ್ತಡ ಕಮ್ಮಿಯಿದ್ದರೆ ಇದು ಅಷ್ಟಾಗಿ ನಿಲ್ಲುವುದಿಲ್ಲ, ನನ್ನ ಮಟ್ಟಿಗಂತೂ ಮತ್ತೆ ನಿಂತಿಲ್ಲ.

ಇನ್ನೊಂದು ವಿಷಯ. ಈ ಸೇಸನ್ ಯೀಸ್ಟ್ ಡಯಾಸ್ಟ್ಯಾಟಿಕಸ್ ಅನ್ನುವ ಬಗೆಯದು. ಬೇರೆ ಯೀಸ್ಟ್ ಮುಟ್ಟದ ಪಿಷ್ಟದ ತುಣುಕುಗಳನ್ನೂ ಸಕ್ಕರೆ ಮಾಡಿಕೊಂಡು ತಿನ್ನುತ್ತದೆ. ಪೈಪಿನಲ್ಲಿ ಒಂದು ಚೂರು ಉಳಿದರೂ ಮುಂದಿನ ಬಿಯರ್ ಬಾಟಲಿಯೊಳಗೆ ಹುದುಗುತ್ತಲೇ ಇರುತ್ತದೆ. ಹಾಗಾಗಿ ಸೇಸನ್‌ಗೆ ಬೇರೆಯೇ ಪೈಪು, ಬೇರೆಯೇ ನಲ್ಲಿ. ಎರಡಕ್ಕೂ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ.