ಮುದಿ ಬೆಕ್ಕಿಗೆ ದಿಢೀರ್ ಹುಷಾರಿಲ್ಲವೇ? ಬೆಳಗಾಗಲಿ ಎಂದು ಕಾಯಬೇಡಿ

ಹತ್ತು ವರ್ಷ ದಾಟಿದ ಬೆಕ್ಕು ಊಟ ಬಿಟ್ಟು ಮೂಲೆ ಹಿಡಿದರೆ ಮನೆಯವರ ಬಾಯಿಂದ ಮೊದಲು ಬರುವ ಮಾತು ‘ವಯಸ್ಸಾಯ್ತಲ್ಲ, ಪಾಪ’. ಆ ಬೆಕ್ಕಿನ ಮಟ್ಟಿಗೆ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ವಯಸ್ಸು ಕಾಯಿಲೆಯಲ್ಲ. ಮುದಿ ಬೆಕ್ಕು ಇದ್ದಕ್ಕಿದ್ದಂತೆ ಮಂಕಾಗಿದೆ ಎಂದರೆ ಹಿಂದೆ ಮೂತ್ರಪಿಂಡವೋ ಥೈರಾಯ್ಡೋ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಹೃದಯವೋ, ಕೊನೆಗೆ ಕೊಳೆತ ಹಲ್ಲೋ ಇರುತ್ತದೆ. ಇವುಗಳಲ್ಲಿ ಬಹುಪಾಲಿಗೆ ಚಿಕಿತ್ಸೆ ಇದೆ. ತೊಂದರೆ ಏನೆಂದರೆ, ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ‘ಇವತ್ತು ಯಾಕೋ ಸರಿಯಿಲ್ಲ’ ಎಂದು ನಮಗೆ ಅನ್ನಿಸುವ ಹೊತ್ತಿಗೆ ಕಾಯಿಲೆ ಒಳಗೊಳಗೇ ಬಲಿತಿರುತ್ತದೆ. ಗುರ್ ಗುರ್ ಅನ್ನುತ್ತಿದೆ ಎಂದು ನೆಮ್ಮದಿ ಪಡುವಂತೆಯೂ ಇಲ್ಲ. ವಿಪರೀತ ನೋವಿನಲ್ಲೂ ಬೆಕ್ಕು ಗುರ್‌ಗುಟ್ಟುತ್ತದೆ.

ಹಾಗಾಗಿ ಮುಂದೆ ಹೇಳುವುದೆಲ್ಲ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ.

ಈಗಲೇ ಹೊರಡಬೇಕೇ?

ಕೆಲವು ಲಕ್ಷಣ ಕಂಡರೆ ಯೋಚಿಸುತ್ತ ಕೂರುವ ಹಾಗಿಲ್ಲ, ರಾತ್ರಿ ಎರಡು ಗಂಟೆಯಾದರೂ ಹೊರಡಲೇಬೇಕು.

ಮೊದಲನೆಯದು ಉಸಿರು. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ, ಬೆಕ್ಕಿಗೆ ಅಲ್ಲ. ಸುಮ್ಮನೆ ಕೂತ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕತ್ತು ಮುಂದೆ ಚಾಚಿ ಮೊಣಕೈ ಅಗಲಿಸಿ ಕೂತಿದ್ದರೆ, ಪ್ರತಿ ಉಸಿರಿಗೂ ಹೊಟ್ಟೆ ಎಳೆದುಕೊಳ್ಳುತ್ತಿದ್ದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ.

ಎರಡನೆಯದು ಗಂಡು ಬೆಕ್ಕಿನ ಮೂತ್ರ. ಲಿಟರ್ ಟ್ರೇಗೆ ಪದೇ ಪದೇ ಹೋಗಿ ತಿಣುಕುತ್ತದೆ, ಕೂಗುತ್ತದೆ, ಆದರೆ ಒಂದು ಹನಿಯೂ ಬರುವುದಿಲ್ಲ. ಮಲಬದ್ಧತೆ ಇರಬೇಕೆಂದು ಎಷ್ಟೋ ಮಂದಿ ಒಂದು ದಿನ ಕಳೆದುಬಿಡುತ್ತಾರೆ. ಮೂತ್ರನಾಳ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತ ಹೋಗಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಟ್ರೇಯಲ್ಲಿ ಒದ್ದೆ ಉಂಡೆ ಇದೆಯೇ ಎಂದು ಕೈಯಾರೆ ನೋಡಿ.

ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ ಬೆಕ್ಕು ಚೀರುತ್ತಿದ್ದರೆ, ಆ ಪಾದಗಳು ತಣ್ಣಗಿದ್ದರೆ, ಹೃದಯದಿಂದ ಹೊರಟ ಹೆಪ್ಪು ಕಾಲಿನ ರಕ್ತನಾಳದಲ್ಲಿ ಸಿಕ್ಕಿರಬಹುದು. ಇದು ತೀರಾ ನೋವಿನ ಸ್ಥಿತಿ. ನಿನ್ನೆಯವರೆಗೆ ಸರಿಯಾಗಿ ಓಡಾಡುತ್ತಿದ್ದ ಬೆಕ್ಕು ಇವತ್ತು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದು, ಕಣ್ಣಿನ ಪಾಪೆ ಬೆಳಕಿನಲ್ಲೂ ಅಗಲವಾಗಿಯೇ ಇದ್ದರೆ ರಕ್ತದೊತ್ತಡ ಏರಿ ಅಕ್ಷಿಪಟಲ ಕಳಚಿರುವ ಸಾಧ್ಯತೆ ಹೆಚ್ಚು. ಬೇಗ ಹೋದರೆ ದೃಷ್ಟಿ ಸ್ವಲ್ಪವಾದರೂ ಮರಳುವ ಆಸೆ ಇರುತ್ತದೆ. ಫಿಟ್ಸ್, ಎಚ್ಚರ ತಪ್ಪುವುದು, ರಕ್ತಸ್ರಾವ, ವಿಷ ತಿಂದ ಅನುಮಾನ, ನೀರೂ ನಿಲ್ಲದಷ್ಟು ವಾಂತಿ ಇವುಗಳನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಊಟ. ಇಡೀ ಒಂದು ದಿನ ಏನೂ ತಿಂದಿಲ್ಲವೆಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ದೇಹ ತನ್ನ ಕೊಬ್ಬನ್ನು ಕರಗಿಸತೊಡಗುತ್ತದೆ, ಆ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಹೊಸದೊಂದು ಕಾಯಿಲೆಯೇ ಹುಟ್ಟುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಜಾಸ್ತಿ. ‘ಹಸಿವಾದಾಗ ತಿನ್ನುತ್ತದೆ ಬಿಡಿ’ ಎಂಬ ಸಮಾಧಾನ ಬೆಕ್ಕಿನ ವಿಷಯದಲ್ಲಿ ನಡೆಯುವುದಿಲ್ಲ.

ಐದು ನಿಮಿಷದ ತಪಾಸಣೆ

ಮೇಲಿನ ಯಾವುದೂ ಸ್ಪಷ್ಟವಾಗಿ ಕಾಣದಿದ್ದರೆ, ಅಥವಾ ಒಬ್ಬರು ವಾಹನ ತೆಗೆಯುವಷ್ಟರಲ್ಲಿ ಇನ್ನೊಬ್ಬರಿಗೆ ಬಿಡುವಿದ್ದರೆ, ಇಷ್ಟು ನೋಡಿಟ್ಟುಕೊಳ್ಳಿ.

ಬೆಕ್ಕನ್ನು ಮುಟ್ಟದೆ ಪಕ್ಕದಲ್ಲಿ ಕೂತು ಪಕ್ಕೆಲುಬಿನ ಮೇಲೆ ಕಣ್ಣಿಡಿ. ಎದೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ 30 ಸೆಕೆಂಡು ಇಟ್ಟುಕೊಂಡು ಎಣಿಸಿ, ಎರಡರಿಂದ ಗುಣಿಸಿ. ನಿದ್ದೆಯಲ್ಲಿರುವ ಆರೋಗ್ಯವಂತ ಬೆಕ್ಕಿನದು ನಿಮಿಷಕ್ಕೆ 30ರೊಳಗೆ ಇರುತ್ತದೆ. ಎಚ್ಚರವಿದ್ದು ಆರಾಮಾಗಿ ಮಲಗಿದ್ದಾಗಲೂ 40 ದಾಟುತ್ತಿದ್ದರೆ ತಡ ಮಾಡಬೇಡಿ. ಗುರ್‌ಗುಟ್ಟುತ್ತಿರುವಾಗ ಲೆಕ್ಕ ತಪ್ಪುತ್ತದೆ, ಆಗ ಎಣಿಸಬೇಡಿ. ಇದೇ ಹೊತ್ತಿನಲ್ಲಿ ಒಂದು ಸಣ್ಣ ವಿಡಿಯೊ ಮಾಡಿಟ್ಟರೆ ಡಾಕ್ಟರಿಗೆ ನಿಮ್ಮ ವಿವರಣೆಗಿಂತ ಅದೇ ಹೆಚ್ಚು ಹೇಳುತ್ತದೆ.

ಆಮೇಲೆ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ, ತೇವ ಇರಬೇಕು. ಬಿಳಚಿಕೊಂಡಿದ್ದರೆ, ನೀಲಿಗಟ್ಟಿದ್ದರೆ, ಹಳದಿಯಾಗಿದ್ದರೆ ಹೊರಡಿ. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಪಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೆಲವು ಬೆಕ್ಕುಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳ ನಾಲಿಗೆಯನ್ನೋ ಕೆಳರೆಪ್ಪೆಯ ಒಳಭಾಗವನ್ನೋ ನೋಡಿ. ಒಸಡು ಬೆರಳಿಗೆ ಅಂಟಂಟಾಗಿ ತಾಗಿದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ಅರ್ಥ. ಕುತ್ತಿಗೆಯ ಚರ್ಮ ಎಳೆದು ನೋಡುವ ಪರೀಕ್ಷೆಯನ್ನು ಮುದಿ ಬೆಕ್ಕಿಗೆ ನಂಬಬೇಡಿ. ವಯಸ್ಸಾದ ಚರ್ಮ ಹೇಗೂ ಸಡಿಲವಾಗಿರುತ್ತದೆ.

ಜ್ವರ ನೋಡುವ ಅಭ್ಯಾಸವಿದ್ದರೆ ಮಾತ್ರ ನೋಡಿ. ಸಾಮಾನ್ಯ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮುದಿ ಬೆಕ್ಕಿಗೆ ಜ್ವರದಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು, ಮೈ ತಣ್ಣಗಾಗುವುದು ಅಪಾಯ. ಕಿವಿ, ಪಾದ ತಣ್ಣಗಿದ್ದು ಬೆಕ್ಕು ಸ್ಪಂದಿಸದೆ ಬಿದ್ದಿದ್ದರೆ ಥರ್ಮಾಮೀಟರ್ ಹುಡುಕುತ್ತ ಸಮಯ ಕಳೆಯಬೇಡಿ.

ಫೋನಿನಲ್ಲಿ ಏನು ಹೇಳಬೇಕು

ಹೊರಡುವ ಮೊದಲು ಫೋನ್ ಮಾಡಲೇಬೇಕು. ಆಸ್ಪತ್ರೆ ತೆರೆದಿದೆಯೇ, ಡಾಕ್ಟರ್ ಇದ್ದಾರೆಯೇ, ಆಕ್ಸಿಜನ್ ಕೊಡುವ ವ್ಯವಸ್ಥೆ ಇದೆಯೇ, ರಾತ್ರಿ ಒಳರೋಗಿಯಾಗಿ ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳದೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತರೆ ಕಳೆದುಕೊಂಡದ್ದು ಬೆಕ್ಕಿನ ಸಮಯ. ಉಸಿರಾಟದ ತೊಂದರೆಯಿದ್ದರೆ ಒಬ್ಬರು ವಾಹನ ಓಡಿಸಲಿ, ಇನ್ನೊಬ್ಬರು ದಾರಿಯಲ್ಲೇ ಮಾತಾಡಲಿ.

ಗಾಬರಿಯಲ್ಲಿ ಕಥೆ ಉದ್ದವಾಗುತ್ತದೆ. ಹೀಗೆ ಹೇಳಿದರೆ ಸಾಕು: ‘14 ವರ್ಷದ ಗಂಡು ಬೆಕ್ಕು, 4 ಕಿಲೋ. ನಿನ್ನೆ ಸಂಜೆಯಿಂದ ತಿಂದಿಲ್ಲ, ಮೂರು ಸಲ ವಾಂತಿ ಆಗಿದೆ. ಬೆಳಿಗ್ಗೆಯಿಂದ ಮೂತ್ರ ಮಾಡಿದ್ದು ನೋಡಿಲ್ಲ. ಕಿಡ್ನಿ ತೊಂದರೆಗೆ ಔಷಧಿ ನಡೀತಿದೆ. ಅರ್ಧ ಗಂಟೆಯಲ್ಲಿ ಬರ್ತೀವಿ.’ ವಯಸ್ಸು, ಗಂಡೋ ಹೆಣ್ಣೋ, ತೊಂದರೆ, ಯಾವಾಗಿನಿಂದ, ಹಳೆಯ ಕಾಯಿಲೆ, ತಲುಪುವ ಹೊತ್ತು ಇಷ್ಟು ಸಿಕ್ಕರೆ ಆ ಕಡೆಯವರು ಬೇಕಾದ್ದನ್ನು ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ಮಾಮೂಲಿ ಡಾಕ್ಟರ್ ಸಿಗದಿದ್ದರೆ ಇನ್ನೆಲ್ಲಿಗೆ ಹೋಗಬೇಕೆಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ಕೇಳಿ, ನಂಬರ್ ಸೇವ್ ಮಾಡಿಟ್ಟುಕೊಳ್ಳಿ.

ಮನೆಮದ್ದು ಬೇಡವೇ ಬೇಡ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮನುಷ್ಯರ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರಪಾಯವಾಗಿ ವಿಭಜಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಮಾತ್ರೆ ಸಾಕು, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ, ಒಸಡು ಕಂದುಗಟ್ಟುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. ಪ್ರೀತಿಯಿಂದ, ಜ್ವರ ಇಳಿಯಲೆಂದು ಕೊಟ್ಟ ಮಾತ್ರೆಯೇ ಕೊಲ್ಲುತ್ತದೆ. ಈಗಾಗಲೇ ಕೊಟ್ಟಾಗಿದ್ದರೆ ಸಂಕೋಚಪಡದೆ ಡಾಕ್ಟರಿಗೆ ಹೇಳಿಬಿಡಿ, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಐಬುಪ್ರೊಫೆನ್ ಕೂಡ ಬೇಡ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಚಿಗಟದ ಔಷಧಿ ಮೈಗೆ ತಾಗಿದರೂ ಬೆಕ್ಕಿಗೆ ಫಿಟ್ಸ್ ಬರಬಹುದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸಿರಿಂಜಿನಲ್ಲಿ ನೀರನ್ನೋ ಹಾಲನ್ನೋ ಬಲವಂತವಾಗಿ ಹಾಕಬೇಡಿ. ಸುಸ್ತಾದ ಬೆಕ್ಕಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುಡಿಯುವ ನೀರನ್ನು ಮಾತ್ರ ತೆಗೆದಿಡಬೇಡಿ, ಕಿಡ್ನಿ ತೊಂದರೆಯ ಬೆಕ್ಕಿಗಂತೂ ಅದು ಸದಾ ಎದುರಿಗಿರಬೇಕು.

ಒಂದೇ ಒಂದು ವಿನಾಯಿತಿ ಇದೆ. ಇನ್ಸುಲಿನ್ ಪಡೆಯುವ ಬೆಕ್ಕು ತೂರಾಡುತ್ತಿದ್ದರೆ, ನಡುಗುತ್ತಿದ್ದರೆ ಸಕ್ಕರೆ ಮಟ್ಟ ಕುಸಿದಿರಬಹುದು. ಜೇನನ್ನೋ ಸಕ್ಕರೆ ಪಾಕವನ್ನೋ ಬೆರಳ ತುದಿಯಲ್ಲಿ ತೆಗೆದು ಒಸಡಿಗೆ ಸವರಿ, ಹೊರಡಿ. ಫಿಟ್ಸ್ ಬರುತ್ತಿರುವಾಗ ಬಾಯೊಳಗೆ ಬೆರಳು ಹಾಕಬೇಡಿ. ಊಟ ಬಿಟ್ಟಿರುವ ಬೆಕ್ಕಿಗೆ ಡಾಕ್ಟರನ್ನು ಕೇಳದೆ ಮುಂದಿನ ಇನ್ಸುಲಿನ್ ಚುಚ್ಚಬೇಡಿ.

ಕರೆದೊಯ್ಯುವುದು

ಮೇಲ್ಭಾಗ ಕಳಚಿಡಬಹುದಾದ ಕ್ಯಾರಿಯರ್ ಇದ್ದರೆ ಅರ್ಧ ಕಷ್ಟ ಕಡಿಮೆ. ಮುಚ್ಚಳ ತೆಗೆದು ಬೆಕ್ಕನ್ನು ಮೇಲಿನಿಂದ ಇಳಿಸಿ. ಆಸ್ಪತ್ರೆಯಲ್ಲೂ ಕೆಳಗಿನ ಅರ್ಧದಲ್ಲೇ ಕೂರಿಸಿಕೊಂಡು ಪರೀಕ್ಷೆ ಮಾಡಬಹುದು. ಮುಂದಿನ ಬಾಗಿಲಷ್ಟೇ ಇದ್ದರೆ ಕ್ಯಾರಿಯರನ್ನು ಬಾಗಿಲು ಮೇಲಾಗಿ ನಿಲ್ಲಿಸಿ, ಹಿಂಗಾಲು ಮೊದಲು ಮಾಡಿ ಇಳಿಸಿ. ತಲೆ ಮೊದಲು ತೂರಿಸಲು ಹೋದರೆ ನಾಲ್ಕೂ ಕಾಲು ಅಡ್ಡ ಬರುತ್ತವೆ. ಕ್ಯಾರಿಯರ್ ಇಲ್ಲದಿದ್ದರೆ ಗಾಳಿಗೆ ತೂತು ಮಾಡಿದ ಗಟ್ಟಿ ರಟ್ಟಿನ ಡಬ್ಬಿ ಆದೀತು. ತೊಡೆಯ ಮೇಲೆ ಕೂರಿಸಿಕೊಂಡು ಹೋಗಬೇಡಿ, ಹೆದರಿದ ಬೆಕ್ಕು ಜಿಗಿದರೆ ಹಿಡಿಯಲಾಗದು.

ಮುದಿ ಬೆಕ್ಕಿನ ಕೀಲುಗಳಲ್ಲಿ ನೋವಿರುವುದು ಸಾಮಾನ್ಯ. ತಳಕ್ಕೆ ದಪ್ಪ ಟವೆಲ್ ಹಾಸಿ, ಮೇಲೊಂದು ತೆಳು ಬಟ್ಟೆ ಮುಚ್ಚಿ. ಉಸಿರಿಗೆ ಕಷ್ಟಪಡುವ ಬೆಕ್ಕಿನ ಎದೆಗೆ ಟವೆಲ್ ಬಿಗಿದು ಸುತ್ತಬಾರದು, ಕುತ್ತಿಗೆಯ ಚರ್ಮ ಹಿಡಿದು ಎತ್ತಬಾರದು. ಮೂತ್ರ ಕಟ್ಟಿದ ಬೆಕ್ಕಿನ ಹೊಟ್ಟೆ ಒತ್ತಬಾರದು. ಮೈ ತಣ್ಣಗಿದ್ದರೆ ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ.

ಜೊತೆಗೆ ಔಷಧಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ, ಹಳೆಯ ರಿಪೋರ್ಟ್ ಇದ್ದರೆ ಅದನ್ನೂ. ಏನಾದರೂ ತಿಂದ ಅನುಮಾನವಿದ್ದರೆ ಅದರ ಪೊಟ್ಟಣ ಅಥವಾ ಗಿಡದ ಎಲೆ ಇರಲಿ. ಲಿಲ್ಲಿ ಗಿಡದ ಎಲೆ, ಹೂವು, ಪರಾಗ ಕೂಡ ಬೆಕ್ಕಿನ ಕಿಡ್ನಿಯನ್ನು ಕೆಡಿಸುತ್ತವೆ.

ಆಸ್ಪತ್ರೆಯಲ್ಲಿ

ಇಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ ಇರುವುದಿಲ್ಲ, ಸ್ಥಿತಿ ಕೆಟ್ಟಿರುವುದಕ್ಕೆ ಮೊದಲು. ಬೆಕ್ಕನ್ನು ಒಳಗೆ ಒಯ್ದು ನಿಮ್ಮನ್ನು ಹೊರಗೆ ಕೂರಿಸಿದರೆ ಬೇಸರ ಬೇಡ. ಉಸಿರಾಟದ ತೊಂದರೆಯಿದ್ದಾಗ ಎಕ್ಸ್‌ರೇಗೆಂದು ಹಿಡಿದು ಮಲಗಿಸುವ ಗಾಬರಿಯೇ ಜೀವ ತೆಗೆಯಬಹುದಾದ್ದರಿಂದ ಒಳ್ಳೆಯ ಡಾಕ್ಟರ್ ಮೊದಲು ಆಕ್ಸಿಜನ್ ಕೊಟ್ಟು ಬೆಕ್ಕನ್ನು ಸುಮ್ಮನೆ ಬಿಡುತ್ತಾರೆ. ಏನೂ ಮಾಡುತ್ತಿಲ್ಲ ಎಂದು ಆಗ ಅನ್ನಿಸಬಹುದು, ಆದರೆ ಅದೇ ಚಿಕಿತ್ಸೆ.

ಹೃದಯದಲ್ಲಿ ಮರ್ಮರ್ (ಬಡಿತದ ಜೊತೆ ಕೇಳಿಸುವ ಅಸಹಜ ಸದ್ದು) ಇದೆ ಎಂದು ಯಾರಾದರೂ ಹಿಂದೆ ಹೇಳಿದ್ದರೆ ಡ್ರಿಪ್ ಹಾಕುವ ಮೊದಲೇ ತಿಳಿಸಿ, ಹೃದಯ ದುರ್ಬಲವಾಗಿದ್ದರೆ ಹೆಚ್ಚಾದ ದ್ರವ ಶ್ವಾಸಕೋಶದ ಸುತ್ತಮುತ್ತ ನಿಲ್ಲುತ್ತದೆ. ರಕ್ತಪರೀಕ್ಷೆಯಲ್ಲಿ ಗ್ಲೂಕೋಸ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ, ರಕ್ತಹೀನತೆ ನೋಡಿದ್ದಾರೆಯೇ ಎಂದು ಕೇಳಿ. ಬಿಪಿಯನ್ನೂ ನೋಡಲು ಹೇಳಿ, ಮುದಿ ಬೆಕ್ಕುಗಳಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

ಪೊಟ್ಯಾಸಿಯಂ ವಿಷಯ ಒಂದಿಷ್ಟು ಬಿಡಿಸಿ ಹೇಳಬೇಕು. ಕಿಡ್ನಿ ತೊಂದರೆಯ ಬೆಕ್ಕು ಮೂತ್ರದಲ್ಲಿ ಪೊಟ್ಯಾಸಿಯಂ ಕಳೆದುಕೊಳ್ಳುತ್ತ ಹೋಗಿ, ಮೇಲಿಂದ ಊಟವನ್ನೂ ಬಿಟ್ಟರೆ, ಕತ್ತಿನ ಸ್ನಾಯುಗಳಲ್ಲಿ ಬಲವೇ ಉಳಿಯುವುದಿಲ್ಲ. ಗಲ್ಲ ಎದೆಗೆ ತಾಗುವಂತೆ ತಲೆ ಜೋತುಬೀಳುತ್ತದೆ, ಮೇಲೆ ನೋಡಲು ಕಣ್ಣನ್ನಷ್ಟೇ ಎತ್ತುತ್ತದೆ. ನೋಡಿದವರಿಗೆ ‘ಇನ್ನು ಮುಗಿಯಿತು’ ಎನ್ನಿಸುತ್ತದೆ. ಪೊಟ್ಯಾಸಿಯಂ ಸರಿಪಡಿಸಿದರೆ ಇಂಥ ಎಷ್ಟೋ ಬೆಕ್ಕುಗಳು ಕೆಲವೇ ದಿನಗಳಲ್ಲಿ ತಲೆ ಎತ್ತುತ್ತವೆ. ಪರೀಕ್ಷೆ ಮಾಡಿಸುವ ಮೊದಲೇ ಆಸೆ ಬಿಡಬೇಡಿ ಎನ್ನುವುದು ಇದಕ್ಕೇ.

ಖರ್ಚಿನ ಮಾತನ್ನು ಮೊದಲೇ ಆಡಿ. ಅಂದಾಜು ಬರೆದು ಕೊಡಲು ಹೇಳಿ, ನಿಮ್ಮ ಕೈಲಿ ಎಷ್ಟಾಗುತ್ತದೆ ಎಂದು ನೇರವಾಗಿ ತಿಳಿಸಿ. ‘ಇವತ್ತು ರಾತ್ರಿ ಆಗಲೇಬೇಕಾದ್ದು ಯಾವುದು, ನಾಳೆಗೆ ಬಿಡಬಹುದಾದ್ದು ಯಾವುದು?’ ಎಂಬುದು ನ್ಯಾಯವಾದ ಪ್ರಶ್ನೆ. ಹೃದಯ ನಿಂತರೆ ಮತ್ತೆ ಬಡಿಯುವಂತೆ ಮಾಡಲು ಪ್ರಯತ್ನಿಸಬೇಕೇ ಎಂದು ಅವರು ನಿಮ್ಮನ್ನು ಕೇಳಬಹುದು, ಮನೆಯವರು ದಾರಿಯಲ್ಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಕೆಲವೊಮ್ಮೆ ಡಾಕ್ಟರ್ ದಯಾಮರಣದ ಮಾತೆತ್ತುತ್ತಾರೆ. ಆಗ ಮೂರು ಕೇಳಿ: ಈಗ ನೋವಿದೆಯೇ, ಆ ನೋವನ್ನು ತಗ್ಗಿಸಬಹುದೇ, ಚಿಕಿತ್ಸೆ ಫಲಿಸಿದರೆ ಬೆಕ್ಕು ತಾನಾಗಿ ತಿಂದು ಓಡಾಡುವ ಸ್ಥಿತಿಗೆ ಬರುತ್ತದೆಯೇ. ‘ನಿಮ್ಮದೇ ಬೆಕ್ಕಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದೂ ಕೇಳಬಹುದು. ಪರೀಕ್ಷೆ ಮಾಡಿಸಿ, ಕೇಳಿ, ತಿಳಿದು ತೆಗೆದುಕೊಂಡ ಈ ನಿರ್ಧಾರ ಬೆಕ್ಕನ್ನು ಕೈಬಿಟ್ಟಂತಲ್ಲ.

ಮನೆಗೆ ಬಂದ ಮೇಲೆ

ಬೇರೆ ಬೆಕ್ಕುಗಳಿದ್ದರೆ ಒಂದೆರಡು ದಿನ ಪ್ರತ್ಯೇಕ ಕೋಣೆಯಲ್ಲಿಡಿ. ಆಸ್ಪತ್ರೆಯ ವಾಸನೆ ಹೊತ್ತು ಬಂದದ್ದನ್ನು ಜೊತೆಗೆ ಬೆಳೆದ ಬೆಕ್ಕೇ ಗುರುತಿಸದೆ ಬುಸುಗುಟ್ಟುವುದುಂಟು. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವೇ ಹಲವು ಸಲ ಇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಆಸೆ ತೋರಿಸಬೇಡಿ, ಅವು ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಮಾತ್ರೆ ನುಂಗಿಸಿದ ಮೇಲೆ ನಾಲ್ಕೈದು ಎಂಎಲ್ ನೀರನ್ನು ಕೆನ್ನೆಯ ಬದಿಯಿಂದ ನಿಧಾನವಾಗಿ ಬಿಡಿ, ಇಲ್ಲವೇ ಒಂದು ತುತ್ತು ತಿನ್ನಿಸಿ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗುತ್ತದೆ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡುವಾಗ ಇದನ್ನು ಮರೆಯಲೇಬಾರದು.

ದಿನಾ ರಾತ್ರಿ ನಿದ್ದೆಯಲ್ಲಿನ ಉಸಿರು ಎಣಿಸಿ ಬರೆದಿಡಿ. ವಾರಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ವ್ಯತ್ಯಾಸ ಗುರುತಿಸಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು ಮೈತೂಕದ ಹತ್ತರಲ್ಲೊಂದು ಪಾಲು. ಉಸಿರು ಮತ್ತೆ 30 ದಾಟಿದರೆ, ಅಥವಾ ಒಂದು ದಿನ ತಟ್ಟೆ ಮುಟ್ಟದಿದ್ದರೆ, ಮುಂದಿನ ತಪಾಸಣೆಯ ದಿನ ಬರಲಿ ಎಂದು ನೋಡದೆ ಅದೇ ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡಿ.