ಐದು ವಾರ ಮೀನಿಲ್ಲದ ತೊಟ್ಟಿ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗಳ ಹುಟ್ಟುಹಬ್ಬಕ್ಕೆ ಮೊದಲ ಸಲ ಅಕ್ವೇರಿಯಂ ತರಲು ಹೋದಾಗ ಅಂಗಡಿಯವರು ಒಂದೂವರೆ ಅಡಿ ತೊಟ್ಟಿ, ಫಿಲ್ಟರ್, ಬಣ್ಣದ ಕಲ್ಲು, ನಾಲ್ಕು ಗೋಲ್ಡ್ ಫಿಶ್, ಒಂದು ಸಕ್ಕರ್ ಮೀನು ಎಲ್ಲವನ್ನೂ ಒಟ್ಟಿಗೆ ಕೊಟ್ಟು ಕಳಿಸಿದರು. ಅವತ್ತೇ ಸಂಜೆ ನೀರು ತುಂಬಿ ಮೀನು ಬಿಟ್ಟೆವು. ಮೂರನೇ ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಹತ್ತು ದಿನದಲ್ಲಿ ಒಂದೂ ಉಳಿಯಲಿಲ್ಲ. ಮಗಳು ತುಂಬಾ ಅತ್ತಳು. ತೊಟ್ಟಿಯನ್ನು ಅಟ್ಟಕ್ಕೆ ಹಾಕಿಬಿಡೋಣ ಅಂದರು ಅತ್ತೆ. ನನಗೆ ಮನಸ್ಸು ಒಪ್ಪಲಿಲ್ಲ. ನೀರು ಕನ್ನಡಿ ಹಾಗೆ ತಿಳಿಯಾಗಿತ್ತು, ಆದರೂ ಮೀನು ಯಾಕೆ ಸತ್ತವು ಅಂತ ಗೊತ್ತಾಗಲೇಬೇಕಿತ್ತು.

ಕಾರಣ ಅಮೋನಿಯಾ. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅದು ನೀರಿಗೆ ಸೇರುತ್ತದೆ, ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅದೇ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀನಿಗೆ ವಿಷ. ಕೆರೆಯಲ್ಲಾಗಲಿ ಹೊಳೆಯಲ್ಲಾಗಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಎರಡೂ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹೆಪ್ಪು ಹಾಕದ ಹಾಲು ಮೊಸರಾಗಲಿ ಅಂತ ಕಾಯ್ದ ಹಾಗಿತ್ತು ನಾವು ಮಾಡಿದ್ದು.

ಎರಡನೇ ಸಲ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತಂದೆ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಚಿಕ್ಕ ತೊಟ್ಟಿ ನೋಡಿಕೊಳ್ಳುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ನಿಜವಾಗಿ ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. ನೀರು, ಮರಳು, ಗಾಜು ಎಲ್ಲ ಸೇರಿ 70 ಕಿಲೋ ದಾಟುತ್ತದೆ, ಅದಕ್ಕೆ ಗಟ್ಟಿ ಮೇಜು ಬೇಕು, ಕೆಳಗೆ ಥರ್ಮಾಕೋಲ್ ಹಾಳೆ ಹಾಸಬೇಕು. ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ, ಗಾಜಿಗೆಲ್ಲ ಪಾಚಿ ಕಟ್ಟುತ್ತದೆ.

ನಮ್ಮ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ, ಅದು ಮೀನನ್ನೂ ಕೊಲ್ಲುತ್ತದೆ, ನಾವು ಬೆಳೆಸಬೇಕಾದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೂ ನಾನು ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯನ್ನೂ ಹಾಕುತ್ತೇನೆ. ಬೋರ್ ನೀರು ಇರುವವರಿಗೆ ಕ್ಲೋರಿನ್ ಚಿಂತೆ ಇಲ್ಲ, ಆದರೆ ನೀರು ಗಡಸಾಗಿದ್ದರೆ ಗಪ್ಪಿ, ಪ್ಲಾಟಿ, ಮೋಲಿ ಸಾಕಿ. ನಿಯಾನ್ ಟೆಟ್ರಾ ಮೆತ್ತಗಿನ ನೀರಿನ ಮೀನು.

ಮರಳು ತೊಳೆದು ಹಾಕಿ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಗಿಡ ನೆಟ್ಟು, ಏರ್ ಪಂಪಿಗೆ ಸ್ಪಂಜ್ ಫಿಲ್ಟರ್ ಜೋಡಿಸಿ ಓಡಲು ಬಿಟ್ಟೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಬರುತ್ತದೆ. ಆಮೇಲೆ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ನೀರಿಗೆ ಹಾಕುತ್ತಿದ್ದೆ. "ಮೀನೇ ಇಲ್ಲ, ಯಾರಿಗಮ್ಮಾ ಊಟ ಹಾಕ್ತಿದ್ದೀಯ?" ಅಂತ ಅತ್ತೆ ಕೇಳಿದರು. ಬ್ಯಾಕ್ಟೀರಿಯಾಕ್ಕೆ ಅಂದೆ. ಆ ಆಹಾರ ಕೊಳೆತು ಅಮೋನಿಯಾ ಆದರೇ ತಾನೆ ಅವು ಬೆಳೆಯುವುದು.

ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದು ತಂದಿದ್ದೆ. ಕೈಬಿಗಿ ಮಾಡಬೇಕಾದ ಖರ್ಚಲ್ಲ ಅದು. ಮೊದಲ ವಾರ ಅಮೋನಿಯಾ ಏರಿತು. ಮೂರನೇ ವಾರ ಅದು ಇಳಿದು ನೈಟ್ರೈಟ್ ಏರಿತು. ನೀರು ಸ್ವಲ್ಪ ಮಬ್ಬಾಯಿತು, ಮತ್ತೆ ತಾನೇ ತಿಳಿಯಾಯಿತು, ಮಗಳು ಸ್ಕೂಲಿಂದ ಬಂದವಳೇ "ಇವತ್ತು ಬಣ್ಣ ಯಾವುದು" ಅಂತ ಕೇಳುತ್ತಿದ್ದಳು. ಐದನೇ ವಾರದ ಕೊನೆಗೆ ಎರಡೂ ಸೊನ್ನೆ. ಅರ್ಧದಷ್ಟು ನೀರು ಬದಲಾಯಿಸಿ ಅವಳನ್ನು ಕರೆದುಕೊಂಡು ಅಂಗಡಿಗೆ ಹೋದೆ.

ತಂದದ್ದು ಮೂರೇ ಗಪ್ಪಿ. ಒಂದು ಗಂಡು, ಎರಡು ಹೆಣ್ಣು. ಗಂಡು ಜಾಸ್ತಿ ಇದ್ದರೆ ಹೆಣ್ಣನ್ನು ಓಡಿಸಿ ಓಡಿಸಿ ಸುಸ್ತು ಮಾಡುತ್ತವೆ. ಚೀಲವನ್ನು ಇಪ್ಪತ್ತು ನಿಮಿಷ ನೀರಿನಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ, ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಟ್ಟೆವು. ಎರಡು ವಾರ ಬಿಟ್ಟು ನಾಲ್ಕು ಪ್ಲಾಟಿ. ಗೋಲ್ಡ್ ಫಿಶ್ ಮತ್ತೆ ತರಲಿಲ್ಲ, ಅದು ಅರ್ಧ ಅಡಿ ಮೀರಿ ಬೆಳೆಯುವ ಮೀನು, ಗಲೀಜೂ ಜಾಸ್ತಿ. ಪಾಚಿ ತಿನ್ನುತ್ತದೆ ಅಂತ ಕೊಡುವ ಸಕ್ಕರ್ ಒಂದಡಿ ದಾಟುತ್ತದೆ, ಅದಕ್ಕೆ ನಮ್ಮ ತೊಟ್ಟಿ ಎಲ್ಲಿ ಸಾಲುತ್ತದೆ?

ಈಗ ಕೆಲಸ ಕಡಿಮೆ. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ. ಭಾನುವಾರ ಕಾಲು ಭಾಗ ನೀರು ಬದಲು. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ, ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಅದರಲ್ಲೇ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಚಳಿ ಅಂತ 50 ವ್ಯಾಟಿನ ಹೀಟರ್ ಹಾಕುತ್ತೇನೆ. ನೀರು ತೆಗೆಯುವ ಮೊದಲು ಅದನ್ನು ಆರಿಸಲೇಬೇಕು.

ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ದೊಡ್ಡ ಮೀನುಗಳೇ ಒಂದಷ್ಟನ್ನು ತಿಂದುಬಿಡುತ್ತವೆ, ಹಾರ್ನ್‌ವರ್ಟ್ ಸಂದಿಯಲ್ಲಿ ಅಡಗಿದ್ದವು ಉಳಿಯುತ್ತವೆ. ಜಾಸ್ತಿಯಾದವು ಅಂತ ಕುಕ್ಕರಹಳ್ಳಿ ಕೆರೆಗೋ ಇನ್ನೆಲ್ಲಿಗೋ ದಯವಿಟ್ಟು ಬಿಡಬೇಡಿ, ಅಲ್ಲಿಯ ಮೀನುಗಳಿಗೆ ಹೊರಗಿನ ಮೀನಿನಿಂದ ತೊಂದರೆ. ಮಹಡಿ ಮನೆಯ ಹುಡುಗ ಆರು ಮರಿ ಕೇಳಿದ್ದಾನೆ. ಅವನ ಹೊಸ ಸ್ಪಂಜನ್ನು ನಮ್ಮ ತೊಟ್ಟಿಯ ಮೂಲೆಯಲ್ಲಿ ಹಾಕಿಟ್ಟು ಮೂರು ವಾರವಾಯಿತು. ಇನ್ನೊಂದೆರಡು ವಾರ ಕಳೆದ ಮೇಲೆ ಸ್ಪಂಜು, ಮರಿ ಎರಡನ್ನೂ ಒಟ್ಟಿಗೆ ಕೊಡುತ್ತೇನೆ ಅಂದಿದ್ದೇನೆ.