ಒತ್ತಕ್ಷರಕ್ಕೆ ಐದು ಸಾವಿರ

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು ನಾನು. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಒಂದೂವರೆ ಗಂಟೆ. ಸೀಟು ಸಿಕ್ಕಿದರೆ ಕೂತು ಓದುತ್ತೇನೆ, ಸಿಗದಿದ್ದರೆ ಕಂಬಿ ಹಿಡಿದು ನಿಂತು. ನಿಂತಾಗಲೇ ಕಷ್ಟ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನಾನೂರು ಪುಟದ ಪುಸ್ತಕ. ಹಾಳೆ ತಿರುಗಿಸಲು ಮೂರನೇ ಕೈ ಬೇಕು.

ಹಾಗಾಗಿ 2019ರ ದೀಪಾವಳಿ ಹೊತ್ತಿಗೆ ಒಂದು ಕಿಂಡಲ್, ಅಂದರೆ ಅಮೆಜಾನಿನ ಇ-ಪುಸ್ತಕ ಓದುವ ಸಾಧನ, ತಗೊಳ್ಳೋಣ ಅಂತ ತೀರ್ಮಾನಿಸಿದೆ. ಆಗ ಕಣ್ಣಿಗೆ ಬಿದ್ದದ್ದು ಎರಡು. ಸಾದಾ ಕಿಂಡಲ್ 7,999 ರೂಪಾಯಿ, ಪೇಪರ್‌ವೈಟ್ 12,999. ಎರಡರದ್ದೂ ಆರು ಇಂಚಿನ ಪರದೆ, ಎರಡಕ್ಕೂ ಒಳಗೇ ಬೆಳಕು. ದೂರದಿಂದ ನೋಡಿದರೆ ಅಣ್ಣ ತಮ್ಮ. ಮತ್ತೆ ಐದು ಸಾವಿರ ಯಾಕೆ ಜಾಸ್ತಿ?

ಅಂಗಡಿಯವರು ಬರೆದದ್ದನ್ನು ಓದಿ ತೀರ್ಮಾನಕ್ಕೆ ಬರುವುದು ನನಗೆ ಆಗದ ಕೆಲಸ. ಸೀರೆ ಕೂಡ ಮುಟ್ಟಿ ನೋಡದೆ ತಗೊಳ್ಳುವವಳಲ್ಲ. ಅದಕ್ಕೇ ಎರಡನ್ನೂ ಸಾಲ ತಂದೆ. ಸಾದಾ ಕಿಂಡಲ್ ನಮ್ಮ ಆಫೀಸಿನ ಗೆಳತಿಯದು. "ತಗೊಂಡು ಹೋಗೇ, ಒಂದು ತಿಂಗಳಿಂದ ಅದಕ್ಕೆ ಚಾರ್ಜೇ ಹಾಕಿಲ್ಲ ನಾನು" ಅಂದಳು. ಪೇಪರ್‌ವೈಟ್ ಭಾವನದು. ಅವರು ಕೊಡುವಾಗಲೇ ಒಂದು ಮಾತು ಸೇರಿಸಿದರು: "ನೋಡಮ್ಮ, ಇದು ನೀರಲ್ಲಿ ಬಿದ್ದರೂ ಏನೂ ಆಗಲ್ಲ ಅಂತ ದುಡ್ಡು ಜಾಸ್ತಿ. ಟಬ್ಬಲ್ಲಿ ಮಲಗಿ ಓದೋರಿಗೆ ಸರಿ. ನಮ್ಮನೇಲಿ ಇರೋದು ಬಕೆಟ್ಟು."

ನೀರಿನ ವಿಷಯ ಅಲ್ಲಿಗೇ ಮುಗಿಯಿತು. ಎರಡು ಮೀಟರ್ ಆಳದ ಸಿಹಿನೀರಿನಲ್ಲಿ ಒಂದು ಗಂಟೆ ಇದ್ದರೂ ತಡೆಯುತ್ತದಂತೆ. ನನಗೆ ಅದರ ಅಗತ್ಯ ಕಾಣಲಿಲ್ಲ.

ಹತ್ತು ದಿನ ಎರಡನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಹೋಗುವಾಗ ಒಂದು, ಬರುವಾಗ ಇನ್ನೊಂದು. ಮೊದಲ ನಾಲ್ಕು ದಿನ ಇಂಗ್ಲಿಷ್ ಕಾದಂಬರಿಯನ್ನೇ ಓದಿದೆ. ನಿಜ ಹೇಳಬೇಕೆಂದರೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕಿಟಕಿ ಪಕ್ಕ ಬಿಸಿಲು ಬಿದ್ದರೆ ಎರಡೂ ಚೆನ್ನಾಗಿ ಕಾಣುತ್ತವೆ. ಈ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿವೆ, ಗುಳ್ಳೆಯೊಳಗೆ ಕಪ್ಪು ಬಿಳಿ ಕಣಗಳು. ಕರೆಂಟು ಕೊಟ್ಟಾಗ ಕೆಲವು ಕಡೆ ಕಪ್ಪು ಮೇಲೆ ಬರುತ್ತದೆ, ಕೆಲವು ಕಡೆ ಬಿಳಿ. ಪುಟ ಮೂಡಿದ ಮೇಲೆ ಅದು ಹಾಗೇ ನಿಂತಿರುವುದಕ್ಕೆ ಕರೆಂಟು ಬೇಡ. ಚಾರ್ಜು ವಾರಗಟ್ಟಲೆ ಬರುವುದು ಅದಕ್ಕೇ. ಈ ವಿಷಯದಲ್ಲಿ ಎರಡೂ ಒಂದೇ. ರಾತ್ರಿ ಸೊಳ್ಳೆ ಪರದೆಯೊಳಗೆ ದೀಪ ಆರಿಸಿಯೂ ಓದಿದೆ. ಸಾದಾದರಲ್ಲಿ ನಾಲ್ಕು ಎಲ್ಇಡಿ, ಪೇಪರ್‌ವೈಟ್‌ನಲ್ಲಿ ಐದು. ಆ ಒಂದಕ್ಕಾಗಿ ಐದು ಸಾವಿರ ಕೊಡುವವಳು ನಾನಲ್ಲ. ತೂಕವೂ ಹೆಚ್ಚುಕಮ್ಮಿ ಅಷ್ಟೇ, 174 ಗ್ರಾಂ ಮತ್ತು 182 ಗ್ರಾಂ.

ಸಾದಾದೇ ಸಾಕು ಅಂತ ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದೆ. ಐದನೇ ದಿನ ಕನ್ನಡ ತೆರೆದೆ.

ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಶುರುವಾದದ್ದು 2016ರ ಡಿಸೆಂಬರಿನಲ್ಲಿ. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ನಮ್ಮದು ಸ್ವಂತ ಅಡುಗೆ. ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್ ರಾಶಿ ರಾಶಿ ಇದೆ. ಅದರಲ್ಲಿ ಒಂದನ್ನು ಇಳಿಸಿ, ಕೇಬಲ್ ಹಾಕಿ, ಎರಡಕ್ಕೂ ತುಂಬಿದೆ.

ತೆರೆದು ನೋಡಿದರೆ ಇರುವೆ ಸಾಲು. ಸ್ಕೇಲು ತಂದು ಅಳೆದೆ. ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ನಮ್ಮ ಡೆಮಿ ಅಷ್ಟಪತ್ರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, ಪುಸ್ತಕ 14 ಅಗಲ, 21ರ ಮೇಲೆ ಎತ್ತರ. ಅಷ್ಟು ದೊಡ್ಡ ಪುಟ ಇಷ್ಟರಲ್ಲಿ ಕೂರಬೇಕೆಂದರೆ ಅಕ್ಷರ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಇದು ಎರಡಕ್ಕೂ ಇರುವ ತೊಂದರೆ. ದುಡ್ಡು ಜಾಸ್ತಿ ಕೊಟ್ಟರೆ ಹೋಗುವಂಥದ್ದಲ್ಲ.

ಉಪಾಯ ಇದೆ. ಕಿಂಡಲ್ ಅಡ್ಡ ಮಲಗಿಸಿ, ಅಂಚಿನ ಖಾಲಿ ಜಾಗ ಕತ್ತರಿಸಿದ ಪಿಡಿಎಫ್ ಹಾಕಿದರೆ ಅಕ್ಷರ ಅಚ್ಚಿನ ಪುಸ್ತಕದಷ್ಟೇ ದೊಡ್ಡದಾಗುತ್ತದೆ. ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದಬೇಕು, ಅಷ್ಟೇ. ಕತ್ತರಿಸುವುದಕ್ಕೆ ಕಂಪ್ಯೂಟರಿನಲ್ಲಿ ಕೆ2ಪಿಡಿಎಫ್‌ಆಪ್ಟ್ ಅನ್ನುವ ಉಚಿತ ತಂತ್ರಾಂಶ ಬಳಸಿದೆ. ಹೆಸರು ನೋಡಿ ಹೆದರಬೇಡಿ, ಒಂದು ಸಲ ಕೂತರೆ ಬರುತ್ತದೆ.

ವ್ಯತ್ಯಾಸ ಕಂಡದ್ದು ಈಗ. ಪೇಪರ್‌ವೈಟ್‌ನಲ್ಲಿ ಒಂದು ಇಂಚಿಗೆ 300 ಚುಕ್ಕಿ, ಸಾದಾದರಲ್ಲಿ 167. ಇಂಗ್ಲಿಷಿನ ಅಕ್ಷರ ಒಂದೇ ಅಂತಸ್ತಿನ ಮನೆ, 167 ಸಾಕು. ನಮ್ಮದು ಹಾಗಲ್ಲವಲ್ಲ. ಮೇಲೆ ತಲೆಕಟ್ಟು, ನಡುವೆ ಮೈ, ಕೆಳಗೆ ಒತ್ತು. ಕೆಲವು ಸಲ ಒತ್ತಿನ ಪಕ್ಕ ಇನ್ನೊಂದು ಒತ್ತು. 12 ಪಾಯಿಂಟಿನ ಅಕ್ಷರಕ್ಕೆ ಸಾದಾದರಲ್ಲಿ ಸಿಗುವ ಎತ್ತರ 28 ಚುಕ್ಕಿ. 'ರಾಷ್ಟ್ರ' ಅನ್ನುವುದನ್ನು ಅಷ್ಟರಲ್ಲೇ ಹಿಡಿಸಬೇಕು. ಪೇಪರ್‌ವೈಟ್‌ನಲ್ಲಿ ಅದೇ ಎತ್ತರಕ್ಕೆ 50 ಚುಕ್ಕಿ ಇದೆ.

ಎರಡನ್ನೂ ಅಡುಗೆಮನೆ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ಒಂದೇ ಸಾಲು ನೋಡಿದೆ. ಅಲ್ಲಿ 'ಶುದ್ಧ' ಅಂತ ಇತ್ತು. ದ ಒತ್ತಿಗೂ ಧ ಒತ್ತಿಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಅಲ್ವಾ? ಸಾದಾದರಲ್ಲಿ ಆ ಸೀಳು ಮುಚ್ಚಿಹೋಗಿತ್ತು. ಶುದ್ಧ ಹೋಗಿ ಶುದ್ದ ಆಗಿತ್ತು. ಮುಂದಿನ ಸಾಲಿನ 'ಸ್ಥಳ'ದಲ್ಲಿ ಥ ಒತ್ತಿನ ಹೊಟ್ಟೆಯೊಳಗಿನ ಚುಕ್ಕೆ ಮಾಯ. ಇನ್ನೊಂದು ಪುಟದಲ್ಲಿ 'ಶಾಸ್ತ್ರ'ದ ಕೆಳಗೆ ಮಸಿ ಚೆಲ್ಲಿದ ಹಾಗೆ. ಪೇಪರ್‌ವೈಟ್‌ನಲ್ಲಿ ಮೂರೂ ಬಿಡಿಸಿಟ್ಟ ಹಾಗಿದ್ದವು. ನಾವು ಅಭ್ಯಾಸದ ಬಲದ ಮೇಲೆ ಓದಿಕೊಂಡು ಹೋಗುತ್ತೇವೆ, ನಿಜ. ಆದರೆ ಒಂದೂವರೆ ಗಂಟೆ ಅಲುಗಾಡುವ ರೈಲಿನಲ್ಲಿ ಹಾಗೆ ಊಹಿಸಿಕೊಂಡು ಓದಿದ ದಿನ ಯಶವಂತಪುರ ಬರುವಷ್ಟರಲ್ಲಿ ಹಣೆ ಹಿಡಿದುಕೊಂಡಿತ್ತು.

ಪೇಪರ್‌ವೈಟ್ ತಗೊಂಡೆ. ಒಳಗಿನ ಜಾಗವೂ 8 ಜಿಬಿ, ಸಾದಾದರಲ್ಲಿ 4. ಸ್ಕ್ಯಾನ್ ಮಾಡಿದ ಪುಸ್ತಕ ಒಂದೊಂದೂ ಹತ್ತಾರು ಎಂಬಿ ತಿನ್ನುವಾಗ ಇದೂ ಲೆಕ್ಕಕ್ಕೆ ಬರುತ್ತದೆ. ಬಳಿಕ ಕವರ್ ತರಿಸಿದೆ, ಆನ್‌ಲೈನಿನಲ್ಲಿ, ಇನ್ನೂರು ರೂಪಾಯಿ ಉಳಿಸಲು ಹೋಗಿ. ಬಂದದ್ದು ಬೇರೆ ಮಾಡೆಲ್ಲಿನದು. ಅದೀಗ ನಮ್ಮತ್ತೆಯ ಔಷಧಿ ಚೀಟಿಗಳ ಫೈಲು.

ಸ್ಕ್ಯಾನ್ ಪುಸ್ತಕ ಓದುವಾಗ ಇದರಲ್ಲೂ ಪುಟ ತಿರುಗುವುದು ನಿಧಾನ. ಅದಕ್ಕೆ ಆಮೇಲೆ ಬೇರೆ ದಾರಿ ಕಂಡುಕೊಂಡೆ. ಕನ್ನಡ ವಿಕಿಸೋರ್ಸ್‌ನಲ್ಲಿ ಟೈಪು ಮಾಡಿದ ಪಠ್ಯವೇ ಸಿಗುತ್ತದೆ. ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳು 2014ರಲ್ಲಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಗೆ ಬಂದವು, ಅವುಗಳಲ್ಲಿ ಹಲವು ಅಲ್ಲಿವೆ. ಪಠ್ಯವನ್ನು ಲಿಬ್ರೆಆಫೀಸ್ ಅನ್ನುವ ಉಚಿತ ಬರವಣಿಗೆ ತಂತ್ರಾಂಶಕ್ಕೆ ಹಾಕಿಕೊಳ್ಳುತ್ತೇನೆ. ಪುಟದ ಅಳತೆಯನ್ನೇ 9 ಸೆಂಟಿಮೀಟರ್ ಅಗಲ, 12 ಎತ್ತರ ಮಾಡುತ್ತೇನೆ. ಅಂಚು ಅರ್ಧ ಸೆಂಟಿಮೀಟರಿಗಿಂತ ಕಮ್ಮಿ. ನೋಟೋ ಸೆರಿಫ್ ಕನ್ನಡ ಫಾಂಟು, 12 ಪಾಯಿಂಟು. ಪಿಡಿಎಫ್ ಮಾಡಿ ಹಾಕಿದರೆ ಪರದೆಗೆ ಹೊಲಿಸಿದ ಬಟ್ಟೆಯ ಹಾಗೆ ಕೂರುತ್ತದೆ. ಫಾಂಟು ಪಿಡಿಎಫ್ ಒಳಗೇ ಇರುವುದರಿಂದ ಅಕ್ಷರ ಒಡೆಯುವ ರಗಳೆ ಇಲ್ಲ. ಪುಟವೂ ಬೇಗ ತಿರುಗುತ್ತದೆ.

ದುಡ್ಡು ಕೊಟ್ಟು ಹೊಸ ಕನ್ನಡ ಇ-ಪುಸ್ತಕ ಓದುವವರಿಗೆ ಈ ಎರಡು ಕಿಂಡಲ್‌ಗಳೂ ಪ್ರಯೋಜನಕ್ಕೆ ಬರುವುದಿಲ್ಲ ಅಂತಲೂ ಹೇಳಬೇಕು. 2020ರಲ್ಲಿ ಬಂದ ಮೈಲ್ಯಾಂಗ್ ಅನ್ನುವ ಕನ್ನಡ ಇ-ಪುಸ್ತಕದ ಅಂಗಡಿಯಲ್ಲಿ ಕೊಂಡದ್ದನ್ನು ಅದರ ಆ್ಯಪಿನಲ್ಲೇ ಓದಬೇಕು. ಕಿಂಡಲ್ ಒಳಗೆ ಆ್ಯಪ್ ಹಾಕಿಕೊಳ್ಳುವ ಹಾಗಿಲ್ಲ. ನಾನು ಅವನ್ನು ಮೊಬೈಲಿನಲ್ಲೇ ಓದುತ್ತೇನೆ, ಮನೆಯಲ್ಲಿ ಕೂತು.

ತಮ್ಮ ಕೇಳಿದಾಗ ಸಾದಾದನ್ನೇ ತಗೋ ಅಂದೆ. ಅವನು ಓದುವುದು ಇಂಗ್ಲಿಷ್ ಪತ್ತೇದಾರಿ ಮಾತ್ರ, ಐದು ಸಾವಿರ ಸುಮ್ನೆ ಯಾಕೆ ದಂಡ? 2022ರಲ್ಲಿ ಬಂದ ಸಾದಾ ಕಿಂಡಲ್‌ಗೂ 300 ಚುಕ್ಕಿ ಕೊಟ್ಟರು, 16 ಜಿಬಿ ಜಾಗ ಕೊಟ್ಟರು, ಆಗಿನ ಬೆಲೆ 9,999. ಅದು 2019ರಲ್ಲೇ ಇದ್ದಿದ್ದರೆ ನಾನು ಅಡುಗೆಮನೆ ಕಟ್ಟೆಯ ಮೇಲೆ ಅಷ್ಟೆಲ್ಲ ಬಗ್ಗಿ ನೋಡುವ ಅಗತ್ಯವೇ ಇರಲಿಲ್ಲ. ಅದಕ್ಕೆ ಚಾರ್ಜರ್ ಕೂಡ ಈಗಿನ ಫೋನಿನದೇ ಆಗುತ್ತದೆ. ನನ್ನದಕ್ಕೆ ಹಳೇ ಮೈಕ್ರೊ ಯುಎಸ್‌ಬಿ. ಮನೆಯಲ್ಲಿ ಅಂಥದ್ದು ಉಳಿದಿರುವುದು ಒಂದೇ ಕೇಬಲ್ಲು, ಯಾರೂ ಮುಟ್ಟಬಾರದು ಅಂತ ಕ್ಯಾಲೆಂಡರ್ ಮೊಳೆಗೆ ನೇತುಹಾಕಿದ್ದೇನೆ.